ಹನುಮಂತರಾಯರ ಗೆರೆ

ಹನುಮಂತರಾಯರು ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಹೈದರಾಬಾದಿನ ಬೇಗಂ ಬಜಾರಿನ ಗಲ್ಲಿಗಳಲ್ಲಿ ಮೆಣಸಿನಕಾಯಿ ಚೀಲಗಳ ಘಾಟಿಗೆ ಊರೆಲ್ಲ ಸೀನುತ್ತಿರುವಾಗ, ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಗೋಪುರ ಹೊತ್ತ ಹಮಾಲ ಎದುರಿಗೆ ಬಂದರೂ, ಹಿಂದಿನಿಂದ ಸ್ಕೂಟರಿನವನು ಹಾರ್ನ್ ಒತ್ತಿ ಒತ್ತಿ ಬೇಸತ್ತರೂ, ಅವರು ತಾವು ಹಿಡಿದ ಗೆರೆಯಿಂದ ಒಂದು ಅಂಗುಲವೂ ಆಚೀಚೆ ಸರಿಯುತ್ತಿರಲಿಲ್ಲ. ನಡಿಗೆಯ ವೇಗ ಹೆಚ್ಚುತ್ತಿರಲಿಲ್ಲ, ತಗ್ಗುತ್ತಿರಲಿಲ್ಲ. ಕತ್ತು ಹಿಂದಕ್ಕೆ ಹೊರಳುತ್ತಿರಲಿಲ್ಲ. ಎತ್ತರದ, ಒಣಕಲು ಮೈಯ ಆ ಮನುಷ್ಯ ನೆಲದ ಮೇಲೆ ತನಗೊಬ್ಬನಿಗೇ ಕಾಣುವ ರೇಖೆಯೊಂದನ್ನು ಮೆಟ್ಟಿಕೊಂಡು ಹೋಗುತ್ತಿದ್ದರೆ, ಸಂದಣಿ ಗೊಣಗುತ್ತ, ಬಯ್ಯುತ್ತ, ಅವರ ಎರಡೂ ಬದಿಗೆ ಹರಿದುಹೋಗುತ್ತಿತ್ತು. ಎರಡು ಹೆಜ್ಜೆ ಹಿಂದೆ, ಕೈಚೀಲ ಹಿಡಿದ ಹೆಂಡತಿ ಸುಭದ್ರಾ, ಒಬ್ಬರಿಗೆ ಹಿಂದಿಯಲ್ಲಿ, ಇನ್ನೊಬ್ಬರಿಗೆ ತೆಲುಗಿನಲ್ಲಿ ಗಂಡನ ಪರವಾಗಿ ಕ್ಷಮೆ ಕೇಳುತ್ತ ಬರುತ್ತಿದ್ದರು.

"ಊರ ಮಂದಿಗೆಲ್ಲ ನಾನಽ ತಪ್ಪಾತು ಅನ್ಕೋಂತ ಬರಬೇಕೇನ್ರಿ? ಚೂರು ಸರದ್ರ ನಿಮ್ಮ ಗಂಟೇನು ಹೋಗತೈತಿ?" ಎಂದು ಅವರು ಮನೆಗೆ ಬಂದು ಕೇಳಿದರೆ, ರಾಯರು ಚಪ್ಪಲಿ ಬಿಡುತ್ತ ಹೇಳುತ್ತಿದ್ದರು: "ನಾ ಸರದ್ರ ಎತ್ತಾಗ ಸರೀತೀನಿ ಅಂತ ಹಿಂದಿನವಗ ಹೆಂಗ ಗೊತ್ತಾಗಬೇಕು? ಅವನೂ ಅತ್ತಾಗಽ ಸರದ್ರ? ನಾ ನೆಟ್ಟಗ ಹೋದ್ರ ಅವ ಸುತ್ತಹಾಕಿ ಹೋಗ್ತಾನ. ತಿಳೀತಾ? ತಿಳೀಲಿಲ್ಲ."

ಅದು ಅವರ ಮಾತಿನ ಚಾಳಿ. 'ತಿಳೀತಾ?' ಎಂದು ಕೇಳಿ, ಎದುರಿನವರು ಬಾಯಿ ತೆರೆಯುವ ಮೊದಲೇ 'ತಿಳೀಲಿಲ್ಲ' ಎಂದು ತಾವೇ ತೀರ್ಪು ಕೊಟ್ಟು, ಮತ್ತೆ ಮೊದಲಿನಿಂದ ಶುರುಮಾಡುವುದು. ಲಿಂಗಸೂಗೂರಿನ ಕಡೆಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಹೈದರಾಬಾದಿಗೆ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ತಪಾಸಣಾ ವಿಭಾಗದಲ್ಲಿ ಕೂತವರಿಗೆ, ಒಮ್ಮೆ ಹೇಳಿದ್ದು ಒಮ್ಮೆಗೇ ತಿಳಿಯುತ್ತದೆಂಬ ಭರವಸೆ ಉಳಿದಿರಲಿಲ್ಲ. ಕೂದಲೆಳೆಯಷ್ಟು ಅಳತೆ ತಪ್ಪಿದ ಬಿಡಿಭಾಗವನ್ನು ಕೆಂಪು ಬುಟ್ಟಿಗೆ ಹಾಕುವುದೇ ಅವರ ಜೀವಮಾನದ ಕೆಲಸವಾಗಿತ್ತು. ಮೇಲಿನವರು ಬಂದು 'ಇದೊಂದು ಬಿಡ್ರಿ ರಾಯರ' ಎಂದಾಗಲೂ ಬುಟ್ಟಿಯಿಂದ ಅದನ್ನು ಮರಳಿ ಎತ್ತಿದವರಲ್ಲ.

ಆದರೆ ಈ ಗೆರೆ ಅವರಿಗೆ ಹತ್ತಿದ್ದು ಕಾರ್ಖಾನೆಯಲ್ಲಲ್ಲ. ನಗರದ ಹೊರಗೆ, ವರ್ತುಲ ರಸ್ತೆಯನ್ನೂ ದಾಟಿ ಹೋದರೆ, ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗುಡ್ಡಗಳ ನಡುವೆ ಖಾಸಗಿಯವರ ಪುಟ್ಟ ಟ್ರ್ಯಾಕ್ ಒಂದಿದೆ. ಏಳು ತಿರುವುಗಳ ಡಾಂಬರಿನ ಸುತ್ತು. ತಿಂಗಳ ಎರಡನೆಯ ಭಾನುವಾರ ಅಲ್ಲಿಗೆ ಮೋಟರ್‌ಸೈಕಲ್ಲಿನ ಹವ್ಯಾಸಿಗಳು ಬರುತ್ತಾರೆ. ಸ್ಪರ್ಧೆಯಲ್ಲ, ಬಹುಮಾನವಿಲ್ಲ, ರಸ್ತೆಯಲ್ಲಿ ಮಾಡಬಾರದ್ದನ್ನು ಇಲ್ಲಿ ಮಾಡಿ ಕಲಿಯಲಿ ಎಂಬುದಷ್ಟೇ ಉದ್ದೇಶ. ರಾಯರು ಹನ್ನೊಂದು ವರ್ಷ ಅಲ್ಲಿ ಗಾಡಿ ತಪಾಸಣೆಯ ಹಿರಿಯರಾಗಿದ್ದರು. ಬೆಳಿಗ್ಗೆ ಗಾಡಿಗಳನ್ನು ಪರೀಕ್ಷಿಸುವುದು, ಹೊಸಬರಿಗೆ ಪಾಠ ಹೇಳುವುದು, ಆಮೇಲೆ ಟ್ರ್ಯಾಕಿನ ಬಾಗಿಲಲ್ಲಿ ನಿಂತು ಹಸಿರು ಬಾವುಟ ಎತ್ತುವುದು. ಆ ಬಾವುಟ ಏಳದೆ ಒಂದು ಗಾಡಿಯೂ ಒಳಗೆ ಹೋಗುವಂತಿರಲಿಲ್ಲ.

ಆ ದಿನಗಳಿಗೆಂದೇ ಒಂದು ಕೋಟು. ಮೊದಲು ಉರಿಗಿತ್ತಳೆ ಇದ್ದದ್ದು ಹನ್ನೊಂದು ಬೇಸಿಗೆಗಳ ಬಿಸಿಲಿಗೆ ಒಣಗಿದ ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ಇಳಿದಿತ್ತು. ಸುಭದ್ರಾ ಅದಕ್ಕೆ ನಾಲ್ಕು ಹೆಚ್ಚಿನ ಜೇಬು ಹೊಲಿದುಕೊಟ್ಟಿದ್ದರು: ಒಂದರಲ್ಲಿ ಸೀಮೆಸುಣ್ಣ, ಒಂದರಲ್ಲಿ ಟಯರಿನ ಗಾಳಿ ಅಳೆಯುವ ಮೀಟರು, ಒಂದರಲ್ಲಿ ಸೀಟಿ, ಕೊನೆಯದರಲ್ಲಿ ಅಗಲವಾದ ಅಂಟುಪಟ್ಟಿಯ ಸುರುಳಿ. ಆ ಪಟ್ಟಿಯನ್ನು ಹಲ್ಲಿನಲ್ಲಿ ಹರಿದು, ಬಂದ ಪ್ರತಿ ಗಾಡಿಯ ಎರಡೂ ಕನ್ನಡಿಗಳಿಗೆ ಮೆತ್ತುತ್ತಿದ್ದರು. ಕನ್ನಡಿ ಒಡೆದರೆ ಚೂರು ಚೆಲ್ಲದಿರಲಿ ಎಂಬುದು ಒಂದು ಕಾರಣ. ರಾಯರು ಹೇಳುತ್ತಿದ್ದುದು ಇನ್ನೊಂದನ್ನು.

"ಹಿಂದ ಯಾರು ಬರಾಕತ್ತಾರ ಅನ್ನೂದು ನಿನ್ನ ಕೆಲಸ ಅಲ್ಲ. ಮುಂದ ಇದ್ದವನ್ನ ನೋಡಿ, ಜಾಗ ನೋಡಿ ಹೋಗೂದು ಹಿಂದಿನವನ ಕೆಲಸ. ನಿನ್ನ ಕೆಲಸ ಒಂದಽ: ಹಿಡಿದ ಗೆರಿ ಬಿಡಬ್ಯಾಡ. ಹಾರ್ನ್ ಕೇಳಿ ಎಡಕ್ಕ ಸರಿಯೂದು ರಸ್ತಾದಾಗ. ಇಲ್ಲಿ ಸರದ್ಯೋ, ನೀನೂ ಹೋದಿ, ಅವನೂ ಹೋದ. ತಿಳೀತಾ? ತಿಳೀಲಿಲ್ಲ."

ನಿಜಕ್ಕೂ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಊರಿನ ರಸ್ತೆಗಳಲ್ಲಿ ಬೆಳೆದವರ ಬೆನ್ನಿಗೇ ಕಿವಿ ಇರುತ್ತದೆ. ಹಿಂದೆ ಸದ್ದಾದರೆ ಮೈ ತಾನಾಗಿ ಓರೆಯಾಗುತ್ತದೆ. ಆ ವಿನಯವನ್ನು ಮರೆಸುವುದು ಧೈರ್ಯ ಕಲಿಸುವುದಕ್ಕಿಂತ ಕಷ್ಟವೆಂದು ರಾಯರು ಕಂಡುಕೊಂಡಿದ್ದರು. ಆದ್ದರಿಂದ ಹೊಸಬರನ್ನೆಲ್ಲ ಮೊದಲು ಟ್ರ್ಯಾಕಿನ ಮೇಲೆ ನಡೆಸುತ್ತಿದ್ದರು. ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ದಪ್ಪ ಬೂಟುಗಳಲ್ಲಿ ತಟ್ಟಾಡುತ್ತ, ಲಕ್ಷಗಟ್ಟಲೆ ಬೆಲೆಯ ಗಾಡಿಗಳ ಒಡೆಯರು ಆ ಮುದುಕರ ಹಿಂದೆ ಏಳು ತಿರುವುಗಳನ್ನು ಕಾಲ್ನಡಿಗೆಯಲ್ಲಿ ಸುತ್ತುವುದು ನೋಡುವವರಿಗೆ ತಮಾಷೆಯಾಗಿತ್ತು. ರಾಯರು ಮುಂದೆ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋಗುತ್ತಿದ್ದರು. ಅಲ್ಲಿಂದ ಆ ಗೆರೆ ಅವರ ಕಾಲಿಗೆ ಅಂಟಿಕೊಂಡು ನಗರಕ್ಕೆ ಬಂತು, ಬೇಗಂ ಬಜಾರಿಗೂ ಬಂತು.

ಕಾಶಿನಾಥ ಸಿಕ್ಕಿದ್ದು ಅವರ ಅಡುಗೆಮನೆಯ ನೆಲದ ಮೇಲೆ. ನಾರಾಯಣಗೂಡದ ಅವರ ಹಳೆಯ ಮನೆಯಲ್ಲಿ ಕಲ್ಲುಹಾಸು ಕಿತ್ತು ಟೈಲ್ಸ್ ಹಾಕಲು ಬಂದವನು ಆತ. ಯಾದಗಿರಿ ಜಿಲ್ಲೆಯವನು, ಮೂವತ್ತರ ಆಸುಪಾಸು. ಹೆಂಡತಿ ಗಂಗಾ ಸಿಮೆಂಟು ಕಲಸಿಕೊಡುತ್ತಿದ್ದಳು. ಗೋಡೆಯಿಂದ ಗೋಡೆಗೆ ನೂಲು ಕಟ್ಟಿ, ಅದರ ಗುಂಟ ಒಂದೊಂದೇ ಟೈಲ್ ಕೂರಿಸಿ, ಬೆರಳಗೆಣ್ಣಿನಿಂದ ತಟ್ಟಿ, ಕೆಳಗೆ ಪೊಳ್ಳಿದೆಯೋ ಎಂದು ಕಿವಿಗೊಟ್ಟು ಕೇಳುವ ಆತನ ರೀತಿಯನ್ನು ರಾಯರು ಬಾಗಿಲಲ್ಲಿ ನಿಂತು ಒಂದಿಡೀ ದಿನ ನೋಡಿದರು. ಸಂಜೆ ಅದೇ ಮನುಷ್ಯ ತನ್ನ ಹಳೆಯ ಮೋಟರ್‌ಸೈಕಲ್ ಹತ್ತಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಎಡಬಲ ಎನ್ನದೆ ಸಂದುಗಳಲ್ಲಿ ತೂರಿಕೊಂಡು ಹೋದದ್ದನ್ನೂ ನೋಡಿದರು.

ಮರುದಿನ ಗಂಗಾ ತಾನಾಗಿಯೇ ಬಾಯಿಬಿಟ್ಟಳು. ಎರಡು ಸಲ ಬಿದ್ದಿದ್ದಾನೆ, ಒಮ್ಮೆ ಲಾರಿಯ ಚಕ್ರದ ಪಕ್ಕದಲ್ಲೇ. "ಅಮ್ಮಾರು ಹೇಳಿದ್ರು, ನೀವು ಗಾಡಿ ಹೊಡಿಯೂದು ಕಲಸ್ತೀರಂತ. ಇವ್ರಿಗೂ ಅಷ್ಟು ಕಲಸ್ರಿ ಯಜಮಾನ್ರ. ಇವ್ರು ಸಂಜಿಕೆ ಬರೂತನ ನಾ ಬಾಗಲದಾಗ ನಿಂತಿರತೀನಿ."

"ಕಲಸ್ತೀನವ್ವ. ಗಾಡಿ ಹೊಡಿಯೂದಲ್ಲ, ಮನಿಗೆ ಬರೂದು ಕಲಸ್ತೀನಿ," ಎಂದರು ರಾಯರು. ಅವರು ಕೊಟ್ಟ ಮಾತು ಅದು.

ತಪಾಸಣೆಯವರಿಗೆ ಪ್ರತಿ ಸಲ ಒಬ್ಬ ಅತಿಥಿಯನ್ನು ಕರೆತರುವ ಹಕ್ಕಿತ್ತು. ಹನ್ನೊಂದು ವರ್ಷದಲ್ಲಿ ರಾಯರು ಅದನ್ನು ಬಳಸಿದ್ದು ಅದೇ ಮೊದಲು. ತಮ್ಮ ಹಳೆಯ ಚರ್ಮದ ಜಾಕೀಟನ್ನು ಕಾಶಿನಾಥನಿಗೆ ತೊಡಿಸಿದರು, ತೋಳು ಉದ್ದವಾಯಿತು. ಅವನು ಬಂದ ಮೊದಲ ಭಾನುವಾರ ಎಲ್ಲರೂ ಟ್ರ್ಯಾಕಿನ ಮೇಲೆ ನಡೆಯುತ್ತಿರುವಾಗ ಮೂರನೆಯ ತಿರುವಿನಲ್ಲಿ ಕಾಶಿನಾಥ ಹಿಂದುಳಿದ. ತಿರುಗಿ ನೋಡಿದರೆ, ಕುಕ್ಕರಗಾಲಲ್ಲಿ ಕೂತು ಡಾಂಬರನ್ನು ಬೆರಳಗೆಣ್ಣಿನಿಂದ ತಟ್ಟುತ್ತಿದ್ದಾನೆ. ಸುತ್ತಲಿನವರು ನಕ್ಕರು.

"ಇಲ್ಲಿ ಪೊಳ್ಳೈತಿ ನೋಡ್ರಿ ಸರ್. ಇನ್ನೊಂದು ಮಳಿಗೆ ಕುಸೀತೈತಿ," ಎಂದ.

ಮುಂದಿನ ಮಳೆಗೆ ಅದು ಕುಸಿಯಿತು. ಒಂದು ಸಣ್ಣ ಉಬ್ಬುತಗ್ಗು ಉಳಿಯಿತು. ರಾಯರು ಆ ದಿನ ಸುಭದ್ರಾಗೆ ಊಟದ ನಡುವೆ ಹೇಳಿದರು: "ಇಷ್ಟು ವರ್ಷಕ್ಕ ನೆಲದ ಮಾತು ಕೇಳೂ ಒಬ್ಬ ಮನಷಾ ಸಿಕ್ಕ."

ಗೆರೆಯ ಪಾಠ ಕಾಶಿನಾಥನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. "ನೂಲು ಕಟ್ಟಿದ ಮ್ಯಾಲ ಮಾಲಕ ಬಂದು ಒದರಿದ್ರೂ ನೂಲು ಸರಸಂಗಿಲ್ರಿ, ಹಂಗಽ ಅಲ್ಲೇನ್ರಿ ಇದು?" ಎಂದು ಆತ ಕೇಳಿದಾಗ, ರಾಯರ ಬಾಯಿಂದ 'ತಿಳೀತಾ' ಎಂಬುದು ಹೊರಟು, ಮುಂದಿನ ಮಾತು ಅಲ್ಲೇ ನಿಂತುಹೋಯಿತು. ಉಳಿದ ಸವಾರರು ತಿರುವಿನಲ್ಲಿ ಗಾಡಿ ಓರೆ ಮಾಡಿ ಮೊಣಕಾಲಿನ ಕವಚವನ್ನು ನೆಲಕ್ಕೆ ತಾಕಿಸಿ, ಆ ತರಚುಗಳನ್ನು ಒಬ್ಬರಿಗೊಬ್ಬರು ತೋರಿಸಿ ಹಿಗ್ಗುತ್ತಿದ್ದರೆ ಕಾಶಿನಾಥನಿಗೆ ನಗು. "ನಾವು ಹೊಟ್ಟಿಗೋಸ್ಕರ ದಿನಾ ಮೊಣಕಾಲೂರತೀವಿ. ಇವ್ರು ರೊಕ್ಕ ಕೊಟ್ಟು ಊರಾಕ ಬರ್ತಾರಲ್ರಿ ಸರ್."

ಐದು ಭಾನುವಾರಗಳಾದವು. ಕಾಶಿನಾಥ ನಗರದಲ್ಲಿ ಗಾಡಿ ಓಡಿಸುವ ರೀತಿ ಬದಲಾಯಿತು. ಬ್ರೇಕನ್ನು ಒದೆಯುವ ಬದಲು ಹಿಂಡತೊಡಗಿದ. ಸಂದು ಕಂಡಲ್ಲೆಲ್ಲ ನುಗ್ಗುವುದು ನಿಂತಿತು. ಗಂಗಾ ಸುಭದ್ರಾಗೆ ಹೇಳಿ ಕಳಿಸಿದಳು, ಈಗ ಬಾಗಿಲಲ್ಲಿ ನಿಲ್ಲುವುದಿಲ್ಲ, ಒಳಗೆ ಕೂತೇ ರೊಟ್ಟಿ ಬಡಿಯುತ್ತೇನೆ ಎಂದು.

ಆರನೆಯದು ಹಬ್ಬದ ರಜೆಗೆ ಸೇರಿಕೊಂಡ ಭಾನುವಾರ.

ನಿಧಾನದವರ ತಂಡಕ್ಕೆ ಹದಿನೈದು ಗಾಡಿಗಳೆಂಬುದು ರಾಯರೇ ಹಾಕಿಕೊಟ್ಟ ಮಿತಿ. ಆ ಬೆಳಿಗ್ಗೆ ಬಾಗಿಲಲ್ಲಿ ಮೂವತ್ತೆರಡು ಗಾಡಿ ಸಾಲುಗಟ್ಟಿದ್ದವು. ವೇಗದವರ ತಂಡ ತುಂಬಿದ್ದರಿಂದ ಅಲ್ಲಿ ಜಾಗ ಸಿಗದ ಕೆಲವರು ಇಲ್ಲಿ ಹೆಸರು ಬರೆಸಿದ್ದರು. ಜನ ಹೆಚ್ಚಾಗಿ, ಹೊತ್ತು ಸಾಲದೆ, ಟ್ರ್ಯಾಕಿನ ಮೇಲೆ ನಡೆಸುವ ಪಾಠವನ್ನು ಆ ದಿನ ಕೈಬಿಡಲಾಗಿತ್ತು. ಏರ್ಪಾಡು ಮಾಡುವವನು ಪ್ರಜ್ವಲ. ರಾಯರ ಕಾರ್ಖಾನೆಯ ಗೆಳೆಯರೊಬ್ಬರ ಮಗ, ಕೆಲಸಗಾರರ ಕಾಲೊನಿಯಲ್ಲಿ ಅವರ ಕಣ್ಣೆದುರೇ ಬೆಳೆದವನು.

"ಹದಿನೈದರ ಮ್ಯಾಲ ಹದಿನಾರನೇದು ಬ್ಯಾಡ ಅಂದಿದ್ನಿ. ಎರಡು ಪಾಲು ಮಾಡು," ಎಂದರು ರಾಯರು.

"ಅಂಕಲ್, ಟೈಮೆಲ್ಲೈತಿ? ಹನ್ನೆರಡರ ಮ್ಯಾಲ ಡಾಂಬರು ಕಾಯ್ತದ, ನೀವಽ ನಿಲ್ಲಸ್ತೀರಿ. ಅರ್ಧ ಮಂದಿ ವಿಜಯವಾಡದಿಂದ ಬಂದಾರ, ಹೊಳ್ಳಿ ಹೋಗ್ರಿ ಅಂತ ಹೆಂಗನ್ಲಿ? ಇದೊಂದು ಸಲ. ಒಂದಽ ಒಂದು ಪಾಳಿ."

ರಾಯರು ಬಾವುಟವನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತರು. ಮೂವತ್ತೆರಡು ಇಂಜಿನ್ನುಗಳು ಒಟ್ಟಿಗೆ ಗುರುಗುಟ್ಟುತ್ತಿದ್ದವು. ಯಾರೋ ತೆಲುಗಿನಲ್ಲಿ 'ತಾತಾ, ಬೇಗ' ಎಂದು ಕೂಗಿದರು, ನಗೆ ಎದ್ದಿತು. ಸಾಲಿನ ನಾಲ್ಕನೆಯವನಾಗಿ, ಉದ್ದನೆಯ ತೋಳಿನ ಜಾಕೀಟಿನಲ್ಲಿ, ಕನ್ನಡಿಗಳಿಗೆ ನೀಟಾಗಿ ತಾನೇ ಪಟ್ಟಿ ಮೆತ್ತಿಕೊಂಡು ಕಾಶಿನಾಥ ಕೂತಿದ್ದ. ಹೆಲ್ಮೆಟ್ಟಿನ ಗಾಜು ಎತ್ತಿ ಅವರತ್ತ ನೋಡಿದ. ವಾರಕ್ಕೊಂದೇ ರಜೆಯವನು, ಬೆಳಗಾಗುವ ಮೊದಲೇ ಎದ್ದು ಬಂದವನು. ಆ ಮುಖವನ್ನು ಹಾಗೇ ಹಿಂದಕ್ಕೆ ಕಳಿಸುವುದು ಅವರಿಂದಾಗಲಿಲ್ಲವೋ, ಅಥವಾ ಎಲ್ಲರ ಕಣ್ಣಲ್ಲಿ ಹಟಮಾರಿ ಮುದುಕನಾಗಿ ನಿಲ್ಲಲು ಅರವತ್ತೆರಡನೆಯ ವಯಸ್ಸಿಗೆ ಮೊದಲ ಬಾರಿ ಬೇಸರವಾಯಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವರಿಗೆ ಗೊತ್ತಾಗಲಿಲ್ಲ. ಕೈ ಎದ್ದಿತು. ಹಸಿರು ಬಾವುಟ ಗಾಳಿಗೆ ಬಿಚ್ಚಿಕೊಂಡಿತು.

ನಾಲ್ಕನೆಯ ಸುತ್ತಿನಲ್ಲಿ ಅದು ಆಯಿತು. ಮೂರನೆಯ ತಿರುವಿನಲ್ಲಿ ಐದಾರು ಗಾಡಿಗಳು ಮುದ್ದೆಯಾಗಿದ್ದವು. ಅವುಗಳ ಹಿಂದೆ ಕಾಶಿನಾಥ, ತನ್ನ ಗೆರೆಯ ಮೇಲೆ, ತನ್ನ ವೇಗದಲ್ಲಿ. ಅವನ ಹಿಂದೆ ಅಮಿತ ಎಂಬುವನು, ವೇಗದ ತಂಡದವನು, ತಡವಾಗಿ ಬಂದು ಬೆಳಗಿನ ಸೂಚನೆಗಳನ್ನು ಕೇಳಿಸಿಕೊಳ್ಳದವನು, ಭಾರೀ ಗಾಡಿಯ ಮೇಲೆ. ಹಳೆಯ ಸಣ್ಣ ಗಾಡಿಯೊಂದು ಮುಂದಿದೆ. ಇಂಜಿನ್ನನ್ನು ಒಮ್ಮೆ ಅಬ್ಬರಿಸಿದರೆ ರಸ್ತೆಯಲ್ಲಿ ಎಲ್ಲರೂ ಸರಿಯುವ ಹಾಗೆ ಇವನೂ ಸರಿಯುತ್ತಾನೆ ಎಂದು ಅವನು ಅಬ್ಬರಿಸಿ ಒಳಬದಿಗೆ ನುಗ್ಗಿದ. ಕಾಶಿನಾಥ ಸರಿಯಲಿಲ್ಲ. ಭಾರೀ ಗಾಡಿಯ ಮುಂಚಕ್ರ ಅವನ ಹಿಂಚಕ್ರಕ್ಕೆ ಬಡಿಯಿತು. ಇಬ್ಬರೂ ಉರುಳಿದರು. ಅಮಿತ ಹುಲ್ಲಿಗೆ ಜಾರಿ ಎದ್ದು ನಿಂತ. ಕಾಶಿನಾಥನ ಬಲಗಾಲು ಎರಡು ಗಾಡಿಗಳ ನಡುವೆ ಸಿಕ್ಕಿ, ತಾನೇ ತಟ್ಟಿ ತೋರಿಸಿದ್ದ ಆ ಉಬ್ಬುತಗ್ಗಿನ ಮೇಲೆ ಎಳೆದುಕೊಂಡು ಹೋಯಿತು.

ಬಾಗಿಲಿನಿಂದ ಮೂರನೆಯ ತಿರುವಿನವರೆಗೆ ಹನುಮಂತರಾಯರು ಓಡಿದರು. ಅಡ್ಡಾದಿಡ್ಡಿ ಓಡಿದರು.

ಸಿಕಂದರಾಬಾದಿನ ಆಸ್ಪತ್ರೆಯೊಂದರಲ್ಲಿ ಮೂರನೆಯ ದಿನ ಅವರನ್ನು ಒಳಗೆ ಬಿಟ್ಟರು. ಹೊರಗಿನ ಬೆಂಚಿನ ಮೇಲೆ ಅಮಿತ ಕೂತಿದ್ದ. ಮೂರು ದಿನದಿಂದ ಅಲ್ಲೇ ಇದ್ದನಂತೆ. ರಾಯರನ್ನು ಕಂಡು ಎದ್ದು, ತಲೆ ಎತ್ತದೆ, "ಹಟ್ ಜಾತಾ ಬೋಲ್ಕೆ ಸಮ್‌ಝಾ, ಅಂಕಲ್" ಎಂದ. ಸರಿದುಕೊಳ್ಳುತ್ತಾನೆ ಎಂದುಕೊಂಡೆ. ಅಷ್ಟನ್ನೇ ಮತ್ತೆ ಮತ್ತೆ ಹೇಳಿದ. ರಾಯರಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಮಂಚದ ಮೇಲೆ ಕಾಶಿನಾಥ ನೋವಿನಲ್ಲೂ ಮುಖ ಅರಳಿಸಿದ. ಪರೀಕ್ಷೆಯಲ್ಲಿ ಉತ್ತರ ಸರಿ ಬರೆದು ಬಂದ ಹುಡುಗನ ಮುಖದಂತಿತ್ತು ಅದು.

"ಸರ್, ಹಿಂದ ಆವಾಜ್ ಕೇಳಿಸ್ತ್ರಿ. ಭಾಳ ಹತ್ರ ಬಂತು. ಮೈ ಸರಿ ಸರಿ ಅಂತು. ನಾ ಸರೀಲಿಲ್ಲರಿ. ನೂಲು ಬಿಡಲಿಲ್ಲ ನೋಡ್ರಿ ನಾ."

ರಾಯರು ಮಂಚದ ಕಬ್ಬಿಣವನ್ನು ಹಿಡಿದುಕೊಂಡರು. ಸರಿದಿದ್ದರೆ ಉಳಿಯುತ್ತಿದ್ದೆ ಎಂದು ಈ ಮನುಷ್ಯನಿಗೆ ಯಾರು ಹೇಳಬೇಕು? ಈ ಊರಿನ ಹಾದಿಬೀದಿಯ ಅಭ್ಯಾಸವೇ ಆ ಗಳಿಗೆಯಲ್ಲಿ ಅವನನ್ನು ಕಾಯುತ್ತಿತ್ತು. ಅದನ್ನು ಐದು ಭಾನುವಾರ ಕೂತು ಎಳೆಎಳೆಯಾಗಿ ಕಿತ್ತುಹಾಕಿದವರು ತಾವು. "ಛಲೋ ಮಾಡಿದಿ," ಎಂದರು.

ಗಂಗಾ ಕಿಟಕಿಯ ಹತ್ತಿರ ನಿಂತಿದ್ದಳು. ಬಯ್ಯಲಿಲ್ಲ, ಅಳಲಿಲ್ಲ. ಅವರು ಹೊರಡುವಾಗ ಬಾಗಿಲ ತನಕ ಬಂದು, ತನಗೆ ತಿಳಿಯದ ವಿಷಯವೊಂದನ್ನು ತಿಳಿದವರಲ್ಲಿ ಕೇಳುವಂತೆ ಮೆಲ್ಲಗೆ ಕೇಳಿದಳು: "ಡಾಕ್ಟ್ರು ಅಂತಾರ, ಇನ್ನ ಕುಕ್ಕರಗಾಲಿಲೆ ಕುಂದ್ರಾಕ ಬರೂದಿಲ್ಲಂತ. ಟೈಲ್ಸ್ ನಿಂತು ಹಾಕಾಕ ಬರತೈತೇನ್ರಿ ಯಜಮಾನ್ರ?"

ಆ ರಾತ್ರಿ ಸುಭದ್ರಾ ತಟ್ಟೆ ಇಟ್ಟು ಕಾದರು. ರಾಯರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಗೋಡೆಯಿಂದ ಗೋಡೆಗೆ ಒಂದಿಷ್ಟೂ ಸೊಟ್ಟವಾಗದೆ ಹೋದ ಟೈಲ್ಸಿನ ಸಾಲುಗಳನ್ನು ನೋಡುತ್ತಿದ್ದರು. "ಆ ಮನಷಾ ಹೇಳಿದ್ದು ಹೇಳಿದಂಗ ಮಾಡಿದ, ಸುಭದ್ರಾ," ಎಂದರು. "ಮಾಡದಽ ಇದ್ದಾಂವ ನಾನು."

ಕಿತ್ತಳೆ ಕೋಟು ಮೊಳೆಗೆ ಸೇರಿತು. ಪ್ರಜ್ವಲ ಎರಡು ತಿಂಗಳು ಹದಿನೈದರ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಿದನಂತೆ. ಆಮೇಲೆ ಹದಿನೆಂಟಾಯಿತು. ಈಗ ಎಷ್ಟೆಂದು ರಾಯರು ಕೇಳುವುದಿಲ್ಲ.

ಕಾಶಿನಾಥ ಈಗ ಸಿಕಂದರಾಬಾದಿನ ಒಂದು ಅಪಾರ್ಟ್‌ಮೆಂಟಿನ ಕಾವಲುಗಾರ. ಅದರ ಎರಡನೆಯ ಮಹಡಿಯ ನೆಲವೆಲ್ಲ ಹಿಂದೆ ಅವನೇ ಹಾಕಿದ್ದು. ಈಗ ಮೆಟ್ಟಿಲು ಹತ್ತಿ ಅದನ್ನು ನೋಡಲಾರ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಗಾಲನ್ನು ನೆಟ್ಟಗೆ ಚಾಚಿ ಕೂತಿರುತ್ತಾನೆ. ರಾಯರು ಹದಿನೈದು ದಿನಕ್ಕೊಮ್ಮೆ ಬಸ್ಸು ಹಿಡಿದು ಹೋಗುತ್ತಾರೆ. ಒಮ್ಮೆ ಹೋದಾಗ ಆತ, ಊಟದ ಪೊಟ್ಟಣ ತಲುಪಿಸಲು ಬಂದ ಇಬ್ಬರು ಸವಾರರನ್ನು ನಿಲ್ಲಿಸಿಕೊಂಡು, ಊರುಗೋಲಿನ ತುದಿಯಿಂದ ಮಣ್ಣಿನಲ್ಲಿ ಏನನ್ನೋ ಎಳೆದು ತೋರಿಸುತ್ತಿದ್ದ. "ಹಿಂದಿನವ ಏನರೆ ಮಾಡ್ಕೊಳ್ಳಿ. ನೀ ಗೆರಿ ಬಿಡಬ್ಯಾಡ. ತಿಳೀತಾ? ತಿಳೀಲಿಲ್ಲ." ರಾಯರು ಗೋಡೆಯ ಮರೆಯಲ್ಲಿ ನಿಂತರು. ಬೇಡ, ಹೇಳಬೇಡ ಎಂದು ತಡೆಯಬೇಕೆನಿಸಿತು. ತಡೆದರೆ ಆ ಮನುಷ್ಯನಿಗೆ ಉಳಿದಿರುವ ಒಂದೇ ಒಂದನ್ನೂ ಕಿತ್ತುಕೊಂಡಂತೆ. ಒಳಗೆ ಹೋಗದೆ, ತಂದಿದ್ದ ಬಾಳೆಹಣ್ಣಿನ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಮರಳಿದರು.

ಬೇಗಂ ಬಜಾರಿಗೆ ಈಗಲೂ ಹೋಗುತ್ತಾರೆ. ಎಲ್ಲರಿಗೂ ದಾರಿ ಬಿಡುತ್ತಾರೆ. ಹಮಾಲನಿಗೆ, ತಳ್ಳುಗಾಡಿಗೆ, ಕೈಬಿಡಿಸಿಕೊಂಡು ಓಡುವ ಮಗುವಿಗೆ; ಹಾರ್ನ್ ಕೇಳುವ ಮೊದಲೇ, ಕೆಲವೊಮ್ಮೆ ಹಿಂದೆ ಯಾರೂ ಇಲ್ಲದಿದ್ದರೂ. ಎತ್ತ ಸರಿಯುತ್ತಾರೆಂದು ತಿಳಿಯದೆ ಜನ ಬಂದು ಡಿಕ್ಕಿ ಹೊಡೆಯುತ್ತಾರೆ. ಭುಜಕ್ಕೊಂದು ತಾಕುತ್ತದೆ, ಮಂಡಿಗೊಂದು. ಈಗ ಮುಂದೆ ನಡೆಯುವವರು ಸುಭದ್ರಾ.

"ನೆಟ್ಟಗ ನಡೀರಿ," ಎನ್ನುತ್ತಾರೆ ತಿರುಗಿ. "ಮೊದಲಿನಂಗ ನಡೀರಿ. ನಾ ಮಂದಿಗೆ ತಪ್ಪಾತು ಅನ್ಕೋಂತ ಬರತೀನಿ, ನನಗೇನು ಬ್ಯಾಸರಿಲ್ಲ."

"ನೀ ನಡಿ. ಅವ್ರು ಹೋಗ್ಲಿ," ಎನ್ನುತ್ತಾರೆ ರಾಯರು, ಅಂಗಡಿಯ ಕಟ್ಟೆಗೆ ಬೆನ್ನು ಒತ್ತಿಕೊಂಡು.

ಅಪಾಯದ ಅಂಚಿನಲ್ಲಿ ನಿಂತು ಇತರರಿಗೆ ಎಚ್ಚರ ಕಲಿಸುವವರ ಬಾಳು ಹೀಗೇ ಏನೋ. ಅವರು ತಡೆದ ಅವಘಡಗಳಿಗೆ ಹೆಸರಿಲ್ಲ. ಹನ್ನೊಂದು ವರ್ಷ ಸುಖವಾಗಿ ಮನೆ ಸೇರಿದವರಲ್ಲಿ ಒಬ್ಬನೂ ಬಂದು, ನಾನು ಬೀಳಬೇಕಿತ್ತು, ಬೀಳಲಿಲ್ಲ ಎಂದು ಹೇಳಿ ಹೋಗುವುದಿಲ್ಲ. ಆದ ಒಂದಕ್ಕೆ ಮಾತ್ರ ಮುಖವಿರುತ್ತದೆ, ಮಡಚಲಾಗದ ಕಾಲಿರುತ್ತದೆ, ಬಾಗಿಲ ತನಕ ಬಂದು ಮೆಲ್ಲಗೆ ಪ್ರಶ್ನೆ ಕೇಳುವ ಹೆಂಡತಿ ಇರುತ್ತಾಳೆ. ಇವರು ಕಲಿಸುವ ನಿಯಮಗಳು ಎಲ್ಲರೂ ಕಲಿತಾಗ ಕಾಯುತ್ತವೆ, ಒಬ್ಬನೇ ಕಲಿತಾಗ ಮುರಿಯುತ್ತವೆ. ಅದು ಇವರಿಗೆ ಗೊತ್ತಿರುತ್ತದೆ, ಗೊತ್ತಿದ್ದೇ ಬಾಗಿಲಲ್ಲಿ ನಿಂತಿರುತ್ತಾರೆ. ಇಂಥವರ ಕೈ ಜೀವಮಾನದಲ್ಲಿ ಒಮ್ಮೆ, ಏಳಬಾರದ ಹೊತ್ತಿನಲ್ಲಿ ಏಳುತ್ತದೆ. ಆಮೇಲಿನ ಆಯುಷ್ಯವೆಲ್ಲ ಆ ಕೈಯನ್ನು ಇಳಿಸುವುದರಲ್ಲೇ ಕಳೆಯುತ್ತದೆ. ಅದು ಇಳಿಯುವುದಿಲ್ಲ.